55,000 ರೂಪಾಯಿಗೆ ಯಾವ ಕಂಪ್ಯೂಟರ್? ಒಂದೇ ಹೆಸರಿನ ಎರಡು ಲ್ಯಾಪ್‌ಟಾಪ್‌ಗಳಿಗೆ 11,000 ರೂಪಾಯಿ ವ್ಯತ್ಯಾಸವೇಕೆ?

ಹನುಮಂತನಗರದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮನೆಗೆ ಒಂದು ಕಂಪ್ಯೂಟರ್ ಕೊಳ್ಳಬೇಕಾಗಿದೆ, ತಿಳಿದವರ ಸಲಹೆ ಬೇಕು. ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ. ಸಿಇಟಿ ಬರೆದು ಎಂಜಿನಿಯರಿಂಗ್ ಸೇರಬೇಕೆಂದಿದ್ದಾಳೆ. ಕಂಪ್ಯೂಟರ್ ಸೈನ್ಸ್ ಸಿಕ್ಕರೆ ಅದು, ಇಲ್ಲವಾದರೆ ಎಲೆಕ್ಟ್ರಾನಿಕ್ಸ್. ನಾನು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು; ಪ್ರಶ್ನೆಪತ್ರಿಕೆಗಳನ್ನೂ ಶಾಲೆಯ ವಾರ್ಷಿಕ ಸಂಚಿಕೆಯನ್ನೂ ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದಲ್ಲಿ ಸಿದ್ಧಪಡಿಸುವ ಹೊಣೆ ನನ್ನದು. ಈಗಿರುವುದು ಇಂಟೆಲ್ ಆರನೇ ತಲೆಮಾರಿನ ಐ3 ಡೆಸ್ಕ್‌ಟಾಪ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಈ ಯಂತ್ರಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ.

ತೆರಿಗೆ ಸೇರಿ 55,000 ರೂಪಾಯಿ ಹೊಂದಿಸಬಲ್ಲೆ. ಜಯನಗರದ ಒಂದು ಅಂಗಡಿಯಲ್ಲಿ ಎರಡು ಲ್ಯಾಪ್‌ಟಾಪ್ ತೋರಿಸಿದರು. ಒಂದರಲ್ಲಿ ಎಎಂಡಿ ಕಂಪನಿಯ ರೈಜೆನ್ 5 7520ಯು ಪ್ರೊಸೆಸರ್, 8 ಜಿಬಿ ರ‍್ಯಾಮ್, 41,000 ರೂಪಾಯಿ. ಇನ್ನೊಂದು ರೈಜೆನ್ 5 7530ಯು, 16 ಜಿಬಿ, 52,000 ರೂಪಾಯಿ. ಎರಡಕ್ಕೂ 512 ಜಿಬಿ ಎಸ್‌ಎಸ್‌ಡಿ, ಎರಡರ ಮೇಲೂ ಅಂಟಿಸಿರುವುದು ಅದೇ ರೈಜೆನ್ 5 ಚೀಟಿ. ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ರೈಜೆನ್ 5 5600ಜಿ ಹಾಕಿದ, ಬಿಡಿಭಾಗ ಜೋಡಿಸಿ ಮಾಡುವ ಅಸೆಂಬಲ್ಡ್ ಡೆಸ್ಕ್‌ಟಾಪ್‌ಗೆ ಮಾನಿಟರ್ ಸೇರಿಸಿ 48,000 ಎಂದು ಕೊಟೇಶನ್ ಬರೆದುಕೊಟ್ಟಿದ್ದಾರೆ. ಅಲ್ಲೇ ಮತ್ತೊಂದು ಅಂಗಡಿಯಲ್ಲಿ ಹತ್ತನೇ ತಲೆಮಾರಿನ ಐ5 ಇರುವ, ಬಳಸಿದ್ದನ್ನು ಸರಿಪಡಿಸಿ ಮಾರುವ ರೀಫರ್ಬಿಶ್ಡ್ ಥಿಂಕ್‌ಪ್ಯಾಡ್ ಟಿ14 27,000ಕ್ಕೆ ಇದೆ. ಪಕ್ಕದ ಮನೆಯವರು ಮಾತ್ರ ಆಪಲ್ ಕಂಪನಿಯ ಪುಟ್ಟ ಡೆಸ್ಕ್‌ಟಾಪ್ ಮ್ಯಾಕ್ ಮಿನಿ ಬಿಟ್ಟು ಬೇರೆ ಮಾತೇ ಆಡುತ್ತಿಲ್ಲ.

ಬೆಲೆ ನೋಡಿದರೆ ಒಂದು ಸರಿ ಅನ್ನಿಸುತ್ತದೆ, ಗುಣಮಟ್ಟ ನೋಡಿದರೆ ಇನ್ನೊಂದು. ಹೆಸರು ಒಂದೇ ಇರುವಾಗ 11,000 ಹೆಚ್ಚು ಕೊಡುವುದು ಯಾವುದಕ್ಕೆ?

ಮತ್ತಿಕೆರೆ

ಎರಡೂ ರೈಜೆನ್ 5, ಒಳಗೆ ಕೆಲಸ ಮಾಡುವ ಘಟಕಗಳಾದ ಕೋರ್‌ಗಳು ಎರಡರಲ್ಲೂ ಆರು. ರ‍್ಯಾಮ್ ಒಂದೇ ವ್ಯತ್ಯಾಸ. ಅಗ್ಗದ್ದನ್ನು ಕೊಂಡು ಮುಂದೆ ರ‍್ಯಾಮ್ ಹಾಕಿಸಿಕೊಳ್ಳಿ.

ಯಲಹಂಕದ ತಂತ್ರಾಂಶಿ

ಮೇಲಿನ ಉತ್ತರವನ್ನು ನಂಬಿ ಹಣ ಕೊಡಬೇಡಿ ಮೇಷ್ಟ್ರೇ, ಅದರಲ್ಲಿರುವ ಎರಡು ಮಾತೂ ತಪ್ಪು.

ಎಎಂಡಿ ಕಂಪನಿ 2023ರ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಹೊಸ ರೀತಿಯಲ್ಲಿ ಸಂಖ್ಯೆ ಕೊಟ್ಟಿತು. ನಾಲ್ಕು ಅಂಕಿಗಳಲ್ಲಿ ಮೊದಲನೆಯದು ವರ್ಷವನ್ನು ಸೂಚಿಸುತ್ತದೆ. ಒಳಗಿನ ವಿನ್ಯಾಸ ಯಾವುದೆಂದು ಹೇಳುವುದು ಮೂರನೆಯ ಅಂಕಿ. 7520ಯು ಮಾದರಿಯಲ್ಲಿ ಮೂರನೆಯ ಅಂಕಿ 2, ಅಂದರೆ ಅದು ಝೆನ್ 2. ಮೊದಲು 2019ರಲ್ಲಿ ಮಾರುಕಟ್ಟೆಗೆ ಬಂದ ವಿನ್ಯಾಸ. 7530ಯು ಮಾದರಿಯಲ್ಲಿ ಅದು 3, ಅಂದರೆ ಝೆನ್ 3. ಮೊದಲನೆಯದಕ್ಕೆ ನಾಲ್ಕೇ ಕೋರ್, ಎರಡನೆಯದಕ್ಕೆ ಆರು. ಚೀಟಿಯ ಮೇಲೆ ಎರಡೂ ರೈಜೆನ್ 5 ಆಗಿರುವುದರಿಂದ ಅಂಗಡಿಯಲ್ಲಿ ನಿಂತವರಿಗೆ ಇದು ಕಾಣುವುದೇ ಇಲ್ಲ.

ಇನ್ನು ರ‍್ಯಾಮ್ ವಿಚಾರ. 7520ಯು ಎಲ್‌ಪಿಡಿಡಿಆರ್5 ಬಗೆಯ ಮೆಮೊರಿಯನ್ನು ಮಾತ್ರ ಬಳಸುತ್ತದೆ, ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಲ್ಲಿ 8 ಜಿಬಿ ಎಂದರೆ ಆ ಯಂತ್ರದ ಆಯುಷ್ಯ ಪೂರ್ತಿ 8 ಜಿಬಿಯೇ. ನಾಲ್ಕು ವರ್ಷ ಎಂಜಿನಿಯರಿಂಗ್ ಓದುವ ಹುಡುಗಿಗೆ ಇದು ಸಾಲುವುದಿಲ್ಲ. ನೀವು ಹೆಚ್ಚಿಗೆ ಕೊಡುವ 11,000 ರೂಪಾಯಿಯಲ್ಲಿ ಎರಡು ಕೋರ್, ಹೊಸ ವಿನ್ಯಾಸ, ಎರಡರಷ್ಟು ರ‍್ಯಾಮ್ ಬರುತ್ತವೆ. ನನ್ನ ದೃಷ್ಟಿಯಲ್ಲಿ ಅದು ನ್ಯಾಯವಾದ ಬೆಲೆ.

ಮತ್ತಿಕೆರೆ

ಕೋರ್ ಲೆಕ್ಕ ಏನೇ ಇರಲಿ, ಬ್ರೌಸರ್ ತೆರೆದು ಪಾಠದ ವಿಡಿಯೊ ನೋಡುವವರಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಲ್ಲರೂ ಹೆಚ್ಚು ಬೆಲೆಯದನ್ನೇ ಕೊಳ್ಳಬೇಕೆಂದು ಹೇಳುವುದು ಸುಲಭ, ಕೊಡುವವರಿಗೆ 11,000 ರೂಪಾಯಿ ದೊಡ್ಡ ಮೊತ್ತವೇ.

ವಿಜಯನಗರದ ವಿದ್ಯಾರ್ಥಿನಿ

ನಾನು ಕಂಪ್ಯೂಟರ್ ಸೈನ್ಸ್ ಮೂರನೆಯ ವರ್ಷದಲ್ಲಿದ್ದೇನೆ. ಮೊದಲ ವರ್ಷದ ಸಿ ಭಾಷೆಯ ಪ್ರಯೋಗಗಳಿಗೆ ಯಾವ ಕಂಪ್ಯೂಟರ್ ಆದರೂ ನಡೆಯುತ್ತದೆ, ಅಲ್ಲಿಯವರೆಗೆ ಮತ್ತಿಕೆರೆಯವರ ಮಾತು ಸರಿ. ಮೂರನೆಯ ವರ್ಷಕ್ಕೆ ಬರುವಷ್ಟರಲ್ಲಿ ಮೊಬೈಲ್ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೊ, ಪರದೆಯ ಮೇಲೆ ಫೋನನ್ನೇ ಅನುಕರಿಸುವ ಅದರ ಎಮ್ಯುಲೇಟರ್, ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್, ಜೊತೆಗೆ ಡೇಟಾಬೇಸ್, ಇಷ್ಟನ್ನೂ ಒಟ್ಟಿಗೆ ತೆರೆದಿಟ್ಟುಕೊಳ್ಳಬೇಕಾಗುತ್ತದೆ. 8 ಜಿಬಿ ಇರುವ ನನ್ನ ಗೆಳತಿಯ ಲ್ಯಾಪ್‌ಟಾಪ್‌ನಲ್ಲಿ ಎಮ್ಯುಲೇಟರ್ ತೆರೆದ ಮರುಕ್ಷಣವೇ ಮೌಸ್ ಬಾಣ ತಡೆತಡೆದು ಚಲಿಸುತ್ತದೆ, ಮೆಮೊರಿ ಬಳಕೆ ಶೇಕಡಾ 95ಕ್ಕೆ ಹೋಗಿ ನಿಲ್ಲುತ್ತದೆ. ಅವಳದು ಒಳ್ಳೆಯ ಪ್ರೊಸೆಸರ್, ಆದರೂ ಪ್ರಯೋಜನವಿಲ್ಲ. 16 ಜಿಬಿಗಿಂತ ಕಡಿಮೆ ಇರುವುದನ್ನು ದಯವಿಟ್ಟು ಪಟ್ಟಿಯಿಂದ ತೆಗೆದುಬಿಡಿ ಸರ್.

ಚಿಕ್ಕಪೇಟೆ ಬಳಕೆದಾರ

ಇಷ್ಟು ಹಣಕ್ಕೆ ಡೆಸ್ಕ್‌ಟಾಪ್ ಕೊಡುವ ಶಕ್ತಿಯನ್ನು ಯಾವ ಲ್ಯಾಪ್‌ಟಾಪೂ ಕೊಡುವುದಿಲ್ಲ. 5600ಜಿ ಹಳೆಯದಾದರೂ 6 ಕೋರ್, 12 ಥ್ರೆಡ್ ಇರುವ 65 ವ್ಯಾಟ್‌ನ ಪ್ರೊಸೆಸರ್. ಗಂಟೆಗಟ್ಟಲೆ ಕೆಲಸ ಕೊಟ್ಟರೂ ಲ್ಯಾಪ್‌ಟಾಪ್‌ನ ಹಾಗೆ ಬಿಸಿಯೇರಿ ವೇಗ ತಗ್ಗಿಸಿಕೊಳ್ಳುವುದಿಲ್ಲ. ಬಿಡಿಭಾಗ ಕೆಟ್ಟರೆ ಅದೊಂದನ್ನು ಬದಲಾಯಿಸಿದರೆ ಸಾಕು. ಒಂದೊಂದು ಭಾಗಕ್ಕೂ ತನ್ನದೇ ವಾರಂಟಿ ಇರುತ್ತದೆ, ಮದರ್‌ಬೋರ್ಡ್ ಪ್ರೊಸೆಸರ್‌ಗಳಿಗೆ ಸಾಮಾನ್ಯವಾಗಿ ಮೂರು ವರ್ಷ. ಇಪ್ಪತ್ತನಾಲ್ಕು ಇಂಚಿನ ಪರದೆಯ ಮುಂದೆ ಕುಳಿತು ಓದುವ ಸುಖವೂ ಬೇರೆ.

ಕೊಟೇಶನ್ನಿನಲ್ಲಿ ಒಂದು ಸಾಲನ್ನು ಮಾತ್ರ ಗಟ್ಟಿಯಾಗಿ ಹಿಡಿಯಿರಿ: ಎಸ್‌ಎಂಪಿಎಸ್, ಅಂದರೆ ಎಲ್ಲ ಭಾಗಗಳಿಗೂ ವಿದ್ಯುತ್ ಕೊಡುವ ಪೆಟ್ಟಿಗೆ. ಪ್ರೊಸೆಸರ್ ಹೆಸರನ್ನು ದಪ್ಪಕ್ಷರದಲ್ಲಿ ಬರೆದು, ಎಸ್‌ಎಂಪಿಎಸ್ ಎದುರು ಬರೀ "450 ವ್ಯಾಟ್" ಎಂದು ಬರೆಯುವ ರೂಢಿಯಿದೆ. ಕಂಪನಿ, ಮಾದರಿ, ವಿದ್ಯುತ್ ದಕ್ಷತೆಯ 80 ಪ್ಲಸ್ ಪ್ರಮಾಣಪತ್ರ, ಮೂರನ್ನೂ ಬರೆಸಿಕೊಳ್ಳಿ. ಕ್ಯಾಬಿನೆಟ್ ಜೊತೆಗೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಸುಟ್ಟರೆ ತಾನೊಂದೇ ಹೋಗುವುದಿಲ್ಲ, ಬೋರ್ಡನ್ನೂ ಕರೆದುಕೊಂಡು ಹೋಗುತ್ತದೆ.

ಬನಶಂಕರಿ ಲೆಕ್ಕಿಗ

48,000ದ ಡೆಸ್ಕ್‌ಟಾಪನ್ನು 52,000ದ ಲ್ಯಾಪ್‌ಟಾಪ್ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ. ಲ್ಯಾಪ್‌ಟಾಪ್ ಬೆಲೆಯಲ್ಲಿ ವಿಂಡೋಸ್ ಪರವಾನಗಿ, ಕ್ಯಾಮೆರಾ, ಸ್ಪೀಕರ್, ವೈಫೈ, ಬ್ಯಾಟರಿ ಎಲ್ಲವೂ ಸೇರಿವೆ. ಡೆಸ್ಕ್‌ಟಾಪ್‌ಗೆ ಇವನ್ನೆಲ್ಲ ಬೇರೆಯಾಗಿ ಕೊಳ್ಳಬೇಕು. ವಿಂಡೋಸ್ 11 ಹೋಮ್ ಅಧಿಕೃತ ಪರವಾನಗಿಯೊಂದೇ ಹತ್ತು ಸಾವಿರದ ಆಸುಪಾಸು. ಕರೆಂಟು ಹೋದಾಗ ಕೆಲಸ ಕಳೆದುಹೋಗಬಾರದೆಂದರೆ 600 ವಿಎ ಯುಪಿಎಸ್ ಬೇಕು. ಕೂಡಿಸಿ ನೋಡಿದರೆ ಡೆಸ್ಕ್‌ಟಾಪ್ 60,000 ದಾಟುತ್ತದೆ.

ಕೊಟೇಶನ್‌ನಲ್ಲಿ ಜಿಎಸ್‌ಟಿ ಸೇರಿದೆಯೇ ಎಂದೂ ಕೇಳಿ. ಕಂಪ್ಯೂಟರ್‌ಗಳಿಗೆ ಶೇಕಡಾ 18. ನಿಮ್ಮ 55,000ದಲ್ಲಿ ವಸ್ತುವಿನ ಬೆಲೆ 46,610 ಮಾತ್ರ, ಉಳಿದದ್ದು ತೆರಿಗೆ. "ಬಿಲ್ ಬೇಡವಾದರೆ ಕಡಿಮೆ ಮಾಡುತ್ತೇವೆ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ; ಬಿಲ್ ಇಲ್ಲದ ವಸ್ತುವಿಗೆ ವಾರಂಟಿ ಕೇಳಲು ಹೋದರೆ ನಿಮ್ಮ ಕೈಯಲ್ಲಿ ಆಧಾರವೇ ಇರುವುದಿಲ್ಲ.

ಚಿಕ್ಕಪೇಟೆ ಬಳಕೆದಾರ

ಮೇಷ್ಟ್ರ ಹಳೆಯ ಯಂತ್ರದಲ್ಲಿ ಕೀಬೋರ್ಡ್, ಮೌಸ್, ಸ್ಪೀಕರ್, ಬಹುಶಃ ಯುಪಿಎಸ್ ಸಹ ಇರುತ್ತವೆ. ಮಾನಿಟರ್ ಚೆನ್ನಾಗಿದ್ದರೆ ಅದೂ ಉಳಿಯುತ್ತದೆ. ಲೆಕ್ಕಿಗರು ಆ ಕಳೆಯುವ ಲೆಕ್ಕವನ್ನು ಬಿಟ್ಟು ಕೂಡಿಸುವುದನ್ನು ಮಾತ್ರ ಮಾಡಿದ್ದಾರೆ. ಓದುವ ಮಕ್ಕಳಿಗೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಟ್ಟರೆ ಪರವಾನಗಿಯ ಹಣವೂ ಉಳಿಯುತ್ತದೆ.

ಬನಶಂಕರಿ ಲೆಕ್ಕಿಗ

ಲಿನಕ್ಸ್ ಹಾಕಿದರೆ ಮೇಷ್ಟ್ರ ನುಡಿ ಎಲ್ಲಿ ನಡೆಯುತ್ತದೆ? ಕೊಳ್ಳುವವರ ಕೆಲಸವನ್ನು ಮೊದಲು ಗಮನಿಸೋಣ.

ಕೆಂಗೇರಿ

ಸೀಟು ಬೆಳಗಾವಿಯಲ್ಲೋ ಮಂಗಳೂರಿನಲ್ಲೋ ಸಿಕ್ಕರೆ ಡೆಸ್ಕ್‌ಟಾಪನ್ನು ಹಾಸ್ಟೆಲ್‌ಗೆ ಹೊತ್ತುಕೊಂಡು ಹೋಗುವುದು ಹೇಗೆ ಎಂಬುದನ್ನು ಯಾರೂ ಕೇಳಲಿಲ್ಲವಲ್ಲ.

ಮಲ್ಲೇಶ್ವರ ಅಕ್ಷರವಿನ್ಯಾಸ

ಕನ್ನಡ ಡಿಟಿಪಿ ನನ್ನ ವೃತ್ತಿ, ಹಾಗಾಗಿ ನುಡಿ ಮತ್ತು ಪರದೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ಕನ್ನಡ ಗಣಕ ಪರಿಷತ್ತಿನ ನುಡಿ ವಿಂಡೋಸ್‌ಗಾಗಿ ಸಿದ್ಧಪಡಿಸಿದ ತಂತ್ರಾಂಶ. ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಯೂನಿಕೋಡ್ ಸಂಕೇತದಲ್ಲಿ ಬೆರಳಚ್ಚು ಮಾಡುವುದಷ್ಟೇ ಆದರೆ ಯಾವ ಯಂತ್ರವಾದರೂ ಆದೀತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಕನ್ನಡ ಕೀಲಿಮಣೆ ಅಂತರ್ಗತವಾಗಿಯೇ ಇದೆ. ಆದರೆ ಶಾಲೆಗಳಲ್ಲಿ ವರ್ಷಗಳಿಂದ ಕೂಡಿಟ್ಟ ಪ್ರಶ್ನೆಪತ್ರಿಕೆಗಳು ಹೆಚ್ಚಾಗಿ ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ನುಡಿ ಫಾಂಟಿನಲ್ಲಿರುತ್ತವೆ, ಮುದ್ರಣಾಲಯದವರೂ ಅದನ್ನೇ ಕೇಳುತ್ತಾರೆ. ಆ ಕಡತಗಳನ್ನು ದಿನವೂ ತೆರೆಯಬೇಕಾದ ಮನೆಯಲ್ಲಿ ಒಂದು ವಿಂಡೋಸ್ ಯಂತ್ರ ಇರಲೇಬೇಕು.

ಗುಣಮಟ್ಟದ ಮಾತು ಬಂದಾಗ ಎಲ್ಲರೂ ಪ್ರೊಸೆಸರ್ ಹಿಂದೆ ಬೀಳುತ್ತಾರೆ, ಪರದೆಯನ್ನು ಯಾರೂ ನೋಡುವುದಿಲ್ಲ. ಅಂಗಡಿಗೆ ಹೋದಾಗ ಒಂದು ಕನ್ನಡ ಪುಟವನ್ನು ತೆರೆದು, ಅಕ್ಷರದ ಗಾತ್ರವನ್ನು 10ಕ್ಕೆ ಇಳಿಸಿ, "ರಾಷ್ಟ್ರ", "ಸ್ವಾತಂತ್ರ್ಯ", "ವೈಶಿಷ್ಟ್ಯ" ಇಂತಹ ಪದಗಳ ಒತ್ತಕ್ಷರಗಳನ್ನು ದಿಟ್ಟಿಸಿ ನೋಡಿ. 1366×768 ಪರದೆಯಲ್ಲಿ ಟ ಒತ್ತಿನ ಕೆಳಗಿನ ರ ಒತ್ತು ಕಲೆಸಿಹೋಗಿ ಕಪ್ಪು ಚುಕ್ಕೆಯಾಗುತ್ತದೆ. 1920×1080 ಇದ್ದರೆ ಎರಡೂ ಬಿಡಿಬಿಡಿಯಾಗಿ ಕಾಣುತ್ತವೆ. ಕರಡು ತಿದ್ದುವವರಿಗೆ ಇದಕ್ಕಿಂತ ಮುಖ್ಯವಾದ ಅಳತೆ ಇನ್ನೊಂದಿಲ್ಲ. ಆಮೇಲೆ ಪರದೆಯನ್ನು ಪಕ್ಕದಿಂದ ನೋಡಿ. ಬಿಳಿ ಪುಟ ಹಳದಿಗೋ ಬೂದಿಗೋ ತಿರುಗಿದರೆ ಅದು ಎಲ್ಲ ಕೋನದಿಂದಲೂ ಒಂದೇ ಬಣ್ಣ ತೋರುವ ಐಪಿಎಸ್ ಪರದೆಯಲ್ಲ, ಅಗ್ಗದ ಟಿಎನ್ ಬಗೆ.

ಯಲಹಂಕದ ತಂತ್ರಾಂಶಿ

ಮೇಡಂ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಈ ಬೆಲೆಯ ಬಹುಪಾಲು ಲ್ಯಾಪ್‌ಟಾಪ್‌ಗಳ ವಿವರದಲ್ಲಿ "45% ಎನ್‌ಟಿಎಸ್‌ಸಿ, 250 ನಿಟ್ಸ್" ಎಂದಿರುತ್ತದೆ. ಮೊದಲನೆಯದು ಬಣ್ಣಗಳ ವ್ಯಾಪ್ತಿ. ಸಾಮಾನ್ಯ ಛಾಯಾಚಿತ್ರಕ್ಕೆ ಬೇಕಾದ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಮೂರನೇ ಎರಡು ಭಾಗವೂ ಸಿಗುವುದಿಲ್ಲ, ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಎರಡನೆಯದು ಬೆಳಕು, 250 ನಿಟ್ಸ್ ಇದ್ದರೆ ಕಿಟಕಿಯ ಎದುರು ಕುಳಿತು ಓದಲು ಕಷ್ಟ. ಇಪ್ಪತ್ತು ಸಾವಿರ ಹೆಚ್ಚು ಕೊಟ್ಟು ಗೇಮಿಂಗ್ ಲ್ಯಾಪ್‌ಟಾಪ್ ಕೊಂಡವರಿಗೂ ಎಷ್ಟೋ ಸಲ ಇದೇ ಪರದೆ ಸಿಗುತ್ತದೆ, ಏಕೆಂದರೆ ಬೆಲೆಯೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಹೋಗಿರುತ್ತದೆ.

ಎಚ್‌ಎಸ್‌ಆರ್ ಬಡಾವಣೆ

ಮ್ಯಾಕ್ ಮಿನಿಯನ್ನು ಇಷ್ಟು ಬೇಗ ತಳ್ಳಿಹಾಕಬೇಡಿ. ಎಂ4 ಮ್ಯಾಕ್ ಮಿನಿ 2024ರಲ್ಲಿ ಬಿಡುಗಡೆಯಾದಾಗ ಭಾರತದ ಬೆಲೆ 59,900 ರೂಪಾಯಿ, ವಿದ್ಯಾರ್ಥಿಗಳಿಗೆ 49,900. ಅದರಲ್ಲಿ 16 ಜಿಬಿ ಮೆಮೊರಿ ಮೂಲ ಮಾದರಿಯಲ್ಲೇ ಇದೆ. ಈ ಬೆಲೆಗೆ ಇಷ್ಟು ವೇಗ, ಇಷ್ಟು ನಿಶ್ಶಬ್ದ, ಇಷ್ಟು ಕಡಿಮೆ ವಿದ್ಯುತ್ ಬಳಕೆ ಇನ್ನಾವ ಯಂತ್ರದಲ್ಲೂ ಇಲ್ಲ. ಐದಾರು ವರ್ಷ ಬಳಸಿ ಮಾರಿದರೂ ಒಳ್ಳೆಯ ಬೆಲೆ ಬರುತ್ತದೆ, ಆ ಲೆಕ್ಕವನ್ನೂ ಹಿಡಿಯಬೇಕು.

ಚಿಕ್ಕಪೇಟೆ ಬಳಕೆದಾರ

ಅದೇ ಮ್ಯಾಕ್ ಮಿನಿಯಲ್ಲಿ 256 ಜಿಬಿಯಿಂದ 512 ಜಿಬಿಗೆ ಹೋಗಲು ಕಂಪನಿ ಕೇಳಿದ್ದು 20,000 ರೂಪಾಯಿ. ಸಂಗ್ರಹವನ್ನು ಎರಡರಷ್ಟು ಮಾಡಲು ಒಂದು ರೀಫರ್ಬಿಶ್ಡ್ ಲ್ಯಾಪ್‌ಟಾಪ್‌ನ ಮುಕ್ಕಾಲು ಬೆಲೆ ಕೊಡಬೇಕೆಂದರೆ ಅದನ್ನು ಕಡಿಮೆ ಬೆಲೆಯ ಯಂತ್ರವೆಂದು ಕರೆಯಲಾರೆ. ಮೆಮೊರಿಯನ್ನಂತೂ ಮುಂದೆ ಹೆಚ್ಚಿಸುವ ದಾರಿಯೇ ಇಲ್ಲ.

ರಾಜಾಜಿನಗರ ಎಲೆಕ್ಟ್ರಾನಿಕ್ಸ್

ಮಗಳಿಗೆ ಎಲೆಕ್ಟ್ರಾನಿಕ್ಸ್ ಸಿಗುವ ಸಾಧ್ಯತೆ ಇರುವುದರಿಂದ ಇದನ್ನು ಗಮನಿಸಿ: ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಲ್ಲ ಚಿಪ್) ಪಾಠಕ್ಕೆ ಬಳಸುವ ವಿವಾಡೊ ತಂತ್ರಾಂಶ ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಮಾತ್ರ ನಡೆಯುತ್ತದೆ. ಮೈಕ್ರೋಕಂಟ್ರೋಲರ್ ಪ್ರಯೋಗಗಳಲ್ಲಿ ಬಳಸುವ ಕೈಲ್ ಮ್ಯೂವಿಷನ್ ವಿಂಡೋಸ್‌ಗೆ ಸೀಮಿತ. ಮ್ಯಾಟ್‌ಲ್ಯಾಬ್ ಮಾತ್ರ ಮ್ಯಾಕ್‌ನಲ್ಲೂ ಸೊಗಸಾಗಿ ನಡೆಯುತ್ತದೆ. ಕಂಪ್ಯೂಟರ್ ಸೈನ್ಸ್ ಖಚಿತವಾದರೆ ಮ್ಯಾಕ್ ಒಳ್ಳೆಯ ಆಯ್ಕೆ. ಶಾಖೆಯೇ ನಿರ್ಧಾರವಾಗದಿರುವಾಗ ಅಲ್ಲ.

ಜಯನಗರದ ನಿವೃತ್ತ

ಬೆಂಗಳೂರಿನಲ್ಲಿ ಬ್ರ್ಯಾಂಡೆಡ್ ಮತ್ತು ಅಸೆಂಬಲ್ಡ್ ಜಗಳ ಹೊಸದಲ್ಲ. ನಾವು ಕಚೇರಿಗೆ ಕಂಪ್ಯೂಟರ್ ತರಿಸುತ್ತಿದ್ದ ಕಾಲದಲ್ಲಿ ವಿಪ್ರೋ ಯಂತ್ರಗಳೇ ಮುಂದಿದ್ದವು. ಅವರು 2013ರಲ್ಲಿ ತಯಾರಿಕೆಯನ್ನು ನಿಲ್ಲಿಸಿದರು. ಆಗ ಬ್ರ್ಯಾಂಡೆಡ್‌ಗೆ ಹೆಚ್ಚು ಹಣ ಕೊಟ್ಟರೆ ಮನೆ ಬಾಗಿಲಿಗೆ ಎಂಜಿನಿಯರ್ ಬರುತ್ತಿದ್ದರು. ಈಗ ಹಲವು ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಿಗೆ ಇರುವುದು ನಾವೇ ಸೇವಾ ಕೇಂದ್ರಕ್ಕೆ ಹೊತ್ತೊಯ್ಯಬೇಕಾದ ವಾರಂಟಿ. ಆನ್‌ಸೈಟ್ ಎಂದು ಲಿಖಿತವಾಗಿ ಇದೆಯೇ ಎಂದು ನೋಡಿ. ಕೆಲವು ಕಂಪನಿಗಳಲ್ಲಿ ಕೊಂಡ ಕೆಲವೇ ದಿನಗಳೊಳಗೆ ಸ್ವಲ್ಪ ಹಣ ಕಟ್ಟಿದರೆ ಮೂರು ವರ್ಷಕ್ಕೆ ವಿಸ್ತರಿಸಿಕೊಳ್ಳಬಹುದು.

ಇನ್ನೊಂದು ವಿಷಯ. ನಮ್ಮ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯವರೇ 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್ ಸಂದರ್ಭದಲ್ಲಿ ಕಿಯೋ ಎಂಬ ಪುಟ್ಟ ಕಂಪ್ಯೂಟರನ್ನು 18,999 ರೂಪಾಯಿ ಬೆಲೆಗೆ ಪ್ರಕಟಿಸಿದ್ದಾರೆ. ಮೇಷ್ಟ್ರು ಅದನ್ನು ಏಕೆ ಪರಿಗಣಿಸಬಾರದು?

ಯಲಹಂಕದ ತಂತ್ರಾಂಶಿ

ಕಿಯೋ ಬಗ್ಗೆ ನನಗೂ ಅಭಿಮಾನವಿದೆ ಸರ್. ಮನೆಯಲ್ಲಿ ಒಂದೂ ಕಂಪ್ಯೂಟರ್ ಇಲ್ಲದ ಶಾಲಾ ಮಕ್ಕಳಿಗೆ ಆ ಬೆಲೆ ದೊಡ್ಡ ಅನುಕೂಲ. ಆದರೆ ಅದರಲ್ಲಿರುವುದು ಇಂಟೆಲ್, ಎಎಂಡಿಗಿಂತ ಬೇರೆಯೇ ಬಗೆಯ ರಿಸ್ಕ್-ಫೈವ್ ಪ್ರೊಸೆಸರ್, ನಡೆಯುವುದು ಉಬುಂಟು ಎಂಬ ಲಿನಕ್ಸ್. ರಿಸ್ಕ್-ಫೈವ್‌ಗೆ ವಿಂಡೋಸ್ ಇಲ್ಲ. ಇಲ್ಲಿ ನುಡಿಯೂ ಬೇಕು, ಎಂಜಿನಿಯರಿಂಗ್ ತಂತ್ರಾಂಶವೂ ಬೇಕು, ಹಾಗಾಗಿ ಈ ಮನೆಗೆ ಅದು ಹೊಂದುವುದಿಲ್ಲ.

ದೀಪಾಂಜಲಿನಗರ ರಿಪೇರಿ

ಲ್ಯಾಪ್‌ಟಾಪ್ ರಿಪೇರಿ ನನ್ನ ಹೊಟ್ಟೆಪಾಡು. ನನ್ನ ಮೇಜಿನ ಮೇಲೆ ಬಂದು ಕೂರುವ ಯಂತ್ರಗಳನ್ನು ನೋಡಿ ಹೇಳುತ್ತೇನೆ: 27,000ದ ಟಿ14 ಇಲ್ಲಿ ಹೆಸರಿಸಿದ ಎಲ್ಲ ಲ್ಯಾಪ್‌ಟಾಪ್‌ಗಳಿಗಿಂತ ಗಟ್ಟಿ.

ಕಡಿಮೆ ಬೆಲೆಯ ಹೊಸ ಲ್ಯಾಪ್‌ಟಾಪ್ ಕೆಡುವುದು ಪ್ರೊಸೆಸರ್‌ನಿಂದಲ್ಲ. ಕೀಲು ಬಿಡುತ್ತದೆ. ಪರದೆಯ ಕೀಲನ್ನು ಹಿಡಿದಿರುವುದು ಪ್ಲಾಸ್ಟಿಕ್‌ನಲ್ಲಿ ಕೂರಿಸಿದ ಸಣ್ಣ ಹಿತ್ತಾಳೆ ನಟ್ಟುಗಳು; ಒಂದೆರಡು ವರ್ಷ ದಿನವೂ ತೆರೆದು ಮುಚ್ಚಿದ ಮೇಲೆ ಪ್ಲಾಸ್ಟಿಕ್ ಬಿರಿದು ನಟ್ಟು ಕಿತ್ತುಬರುತ್ತದೆ, ಅದರ ಜೊತೆಗೆ ಪರದೆಯ ಕೇಬಲ್ಲೂ ಹರಿಯುತ್ತದೆ. ಅಂಗಡಿಯಲ್ಲಿ ಪರದೆಯ ಮೂಲೆಯೊಂದನ್ನು ಹಿಡಿದು ಮೆಲ್ಲನೆ ತೆರೆಯಿರಿ, ಚೌಕಟ್ಟು ತಿರುಚಿಕೊಂಡರೆ ಅದನ್ನು ಬಿಡಿ. ಕೀಬೋರ್ಡಿನ ನಡುವೆ ಬೆರಳಿನಿಂದ ಒತ್ತಿ, ತಗ್ಗು ಬಿದ್ದರೂ ಬಿಡಿ. ಕಂಪನಿಗಳಿಗೆಂದೇ ಮಾಡಿದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಮಾದರಿಗಳ ಚೌಕಟ್ಟೇ ಬೇರೆ. ಟಿ14ರ ಕೀಬೋರ್ಡಿನ ಮೇಲೆ ಸ್ವಲ್ಪ ಕಾಫಿ ಚೆಲ್ಲಿದರೂ ತಡೆದುಕೊಳ್ಳುವ ಹಾಗೆ ಮಾಡಿದ್ದಾರೆ. ಬಿಡಿಭಾಗಗಳು ಎಸ್.ಪಿ. ರಸ್ತೆಯಲ್ಲಿ ಯಾವಾಗಲೂ ಸಿಗುತ್ತವೆ.

ವೈಟ್‌ಫೀಲ್ಡ್, ಬೆಳ್ಳಂದೂರಿನ ಕಂಪನಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಯಂತ್ರ ಬದಲಾಯಿಸುವುದರಿಂದ ನಮ್ಮ ಊರಿನಲ್ಲಿ ಇಂತಹ ಲ್ಯಾಪ್‌ಟಾಪ್‌ಗಳಿಗೆ ಕೊರತೆಯೇ ಇಲ್ಲ.

ಮತ್ತಿಕೆರೆ

ಬೇರೆಯವರು ಬಳಸಿ ಬಿಟ್ಟ ಲ್ಯಾಪ್‌ಟಾಪನ್ನು ಮಗಳ ಕೈಗೆ ಕೊಡುವುದೆಂದರೆ ಮನಸ್ಸು ಒಪ್ಪುವುದಿಲ್ಲ. ಅಂಗಡಿಯವರು ಕೊಡುವ ಆರು ತಿಂಗಳ ವಾರಂಟಿ ಮುಗಿದ ಮರುದಿನ ಯಾರು ಹೊಣೆ?

ವಿಜಯನಗರದ ವಿದ್ಯಾರ್ಥಿನಿ

ನಮ್ಮ ತರಗತಿಯಲ್ಲಿ ರೀಫರ್ಬಿಶ್ಡ್ ಬಳಸುವವರು ಎಷ್ಟೋ ಮಂದಿ ಇದ್ದಾರೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಬ್ಯಾಟರಿ ವಿಷಯದಲ್ಲಿ ಎಚ್ಚರ ಬೇಕು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಬ್ಯಾಟರಿ ರಿಪೋರ್ಟ್ ತೆಗೆದರೆ ಮೂಲ ಸಾಮರ್ಥ್ಯ ಮತ್ತು ಈಗಿನ ಸಾಮರ್ಥ್ಯ ಒಂದರ ಕೆಳಗೊಂದು ಬರುತ್ತವೆ. ಟಿ14ರದು ಮೂಲದಲ್ಲಿ 50 ವ್ಯಾಟ್‌ಅವರ್. ಈಗಿನದು 30ರ ಆಸುಪಾಸು ಇದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು 27,000ದಿಂದ ಕಳೆಯಲು ಹೇಳಿ. ಹತ್ತನೇ ತಲೆಮಾರಿನ ಆ ಐ5ಗೆ 4 ಕೋರ್ ಮಾತ್ರ ಎಂಬುದೂ ನೆನಪಿರಲಿ. ನಾಲ್ಕು ವರ್ಷದ ಕೋರ್ಸ್ ಮುಗಿಯುವಷ್ಟರಲ್ಲಿ ಆ ಯಂತ್ರಕ್ಕೆ ಹತ್ತು ವರ್ಷ ತುಂಬುತ್ತದೆ.

ದೀಪಾಂಜಲಿನಗರ ರಿಪೇರಿ

ಒಪ್ಪುತ್ತೇನೆ. ಇನ್ನೂ ಒಂದು ಪರೀಕ್ಷೆ ಮಾಡಿಸಿ. ಅಂಗಡಿಯಲ್ಲೇ ಯಂತ್ರವನ್ನು ರೀಸೆಟ್ ಮಾಡಿ, ಅಂತರ್ಜಾಲಕ್ಕೆ ಜೋಡಿಸಿ, ಹೊಸದಾಗಿ ಆರಂಭಿಸಲು ಹೇಳಿ. ಯಾವುದೋ ಕಂಪನಿಯ ಹೆಸರು ಮೂಡಿ ಅವರ ಪಾಸ್‌ವರ್ಡ್ ಕೇಳಿದರೆ ಆ ಯಂತ್ರ ಇನ್ನೂ ಹಳೆಯ ಮಾಲೀಕರ ನೋಂದಣಿಯಲ್ಲಿದೆ ಎಂದರ್ಥ. ಯಂತ್ರ ಶುರುವಾಗುವಾಗ ಮೊದಲು ನಡೆಯುವ ಬಯೋಸ್‌ಗೆ ಪಾಸ್‌ವರ್ಡ್ ಇದೆಯೇ ಎಂಬುದನ್ನೂ ನೋಡಿ. ಎರಡರಲ್ಲಿ ಒಂದಿದ್ದರೂ ಎಷ್ಟೇ ಅಗ್ಗವಾದರೂ ಬೇಡ.

ಬನಶಂಕರಿ ಲೆಕ್ಕಿಗ

ಸೀಟು ಹಂಚಿಕೆ ಆಗುವವರೆಗೆ ಏನನ್ನೂ ಕೊಳ್ಳಬೇಡಿ ಎಂಬುದು ನನ್ನ ಸಲಹೆ. ಯಾವ ಶಾಖೆ, ಯಾವ ಊರು ಎಂದು ಗೊತ್ತಾದ ಮೇಲೆ ಕೊಂಡರೆ ಹಣ ಪೋಲಾಗುವುದಿಲ್ಲ.

ಯಲಹಂಕದ ತಂತ್ರಾಂಶಿ

ಬೇರೆ ವರ್ಷವಾಗಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಈಗ ಮೆಮೊರಿ ಬೆಲೆ ಏರುತ್ತಿದೆ. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿಗೆ ತಯಾರಕರು ಆದ್ಯತೆ ಕೊಡುತ್ತಿರುವುದರಿಂದ ನಮ್ಮ ನಿಮ್ಮ ಕಂಪ್ಯೂಟರ್‌ಗಳಿಗೆ ಬರುವ ಚಿಪ್ ಕಡಿಮೆಯಾಗಿದೆ. ಮೈಕ್ರಾನ್ ಕಂಪನಿಯಂತೂ ಜನಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಇಂದು 52,000ಕ್ಕೆ ಸಿಗುವ 16 ಜಿಬಿ ಲ್ಯಾಪ್‌ಟಾಪ್ ಜುಲೈನಲ್ಲಿ ಅದೇ ಬೆಲೆಗೆ ಸಿಗುತ್ತದೆ ಎಂಬ ಭರವಸೆ ನನಗಿಲ್ಲ. ಅಸೆಂಬಲ್ಡ್ ಕೊಟೇಶನ್ ಪಡೆದವರೂ ಆ ಬೆಲೆ ಎಷ್ಟು ದಿನ ನಡೆಯುತ್ತದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಬನಶಂಕರಿ ಲೆಕ್ಕಿಗ

ಬೆಲೆ ಏರುತ್ತದೆ ಎಂಬ ಭಯದಿಂದ ಕೊಳ್ಳುವುದು ಅಂಗಡಿಯವರಿಗೆ ಅನುಕೂಲ, ಕೊಳ್ಳುವವರಿಗಲ್ಲ. ಒಂದೆರಡು ಸಾವಿರ ಏರಿದರೂ ಬೇಡವಾದ ಯಂತ್ರ ಕೊಂಡ ನಷ್ಟಕ್ಕಿಂತ ಅದು ಕಡಿಮೆ.

ರಾಜಾಜಿನಗರ ಎಲೆಕ್ಟ್ರಾನಿಕ್ಸ್

ಏರಿಕೆ ಒಂದೆರಡು ಸಾವಿರಕ್ಕೆ ನಿಂತಿಲ್ಲ ಸ್ವಾಮಿ, ಎಸ್.ಪಿ. ರಸ್ತೆಯಲ್ಲಿ ಒಮ್ಮೆ ರ‍್ಯಾಮ್ ಬೆಲೆ ವಿಚಾರಿಸಿ ಬನ್ನಿ. ಭಾನುವಾರ ಹೋಗಬೇಡಿ, ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ.

ಕೆಂಗೇರಿ

ವಿದ್ಯುತ್ತಿನ ಮಾತು ಯಾರೂ ಆಡಲಿಲ್ಲ. ಗೃಹಜ್ಯೋತಿಯ 200 ಯೂನಿಟ್ ಮಿತಿಯ ಹತ್ತಿರವೇ ಇರುವ ನಮ್ಮಂಥ ಮನೆಗಳಿಗೆ ಡೆಸ್ಕ್‌ಟಾಪ್ ಹೊರೆಯಾಗುವುದಿಲ್ಲವೇ?

ಚಿಕ್ಕಪೇಟೆ ಬಳಕೆದಾರ

ಮಾನಿಟರ್ ಸೇರಿ 100 ವ್ಯಾಟ್ ಎಂದಿಟ್ಟುಕೊಂಡು ದಿನಕ್ಕೆ ಆರು ಗಂಟೆ ಬಳಸಿದರೆ ತಿಂಗಳಿಗೆ 18 ಯೂನಿಟ್. ಲ್ಯಾಪ್‌ಟಾಪ್ 20 ವ್ಯಾಟ್ ಎಳೆದರೆ ಮೂರೂವರೆ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ವ್ಯತ್ಯಾಸ ಇದೆ, ಆದರೆ ಗೀಸರ್ ಇರುವ ಮನೆಯಲ್ಲಿ ಇದು ಲೆಕ್ಕಕ್ಕೆ ಬರುವುದಿಲ್ಲ.

ಹನುಮಂತನಗರದ ಮೇಷ್ಟ್ರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಮಗಳನ್ನೂ ಕರೆದುಕೊಂಡು ಮತ್ತೆ ಎರಡೂ ಕಡೆ ಹೋಗಿದ್ದೆ. 7520ಯು ಲ್ಯಾಪ್‌ಟಾಪನ್ನು ಪಟ್ಟಿಯಿಂದ ತೆಗೆದಿದ್ದೇನೆ. 7530ಯು ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ಬೆಸುಗೆ ಹಾಕಿದ್ದು, ಇನ್ನು 8 ಜಿಬಿ ಸ್ಲಾಟ್‌ನಲ್ಲಿದೆ. ಪರದೆ 1920×1080 ಆದರೂ ಬಣ್ಣ ಪೇಲವ. ಒತ್ತಕ್ಷರ ಸ್ಪಷ್ಟವಾಗಿಯೇ ಕಾಣುತ್ತದೆ. ಮೂಲೆ ಹಿಡಿದು ತೆರೆದಾಗ ಚೌಕಟ್ಟು ತುಸು ಬಾಗಿತು, ತಿರುಚಿಕೊಳ್ಳಲಿಲ್ಲ. ಟಿ14ರ ಪರದೆ ಮತ್ತು ಕೀಬೋರ್ಡ್ ಎರಡೂ ಅದಕ್ಕಿಂತ ಉತ್ತಮ. ಬ್ಯಾಟರಿ 50ರಲ್ಲಿ 34 ವ್ಯಾಟ್‌ಅವರ್ ತೋರಿಸಿತು.

ಮಗಳಿಗೆ ಹೊಸದನ್ನೇ ಕೊಡಿಸುವುದೆಂದು ನಿಶ್ಚಯಿಸಿದ್ದೇನೆ. ನಾಲ್ಕು ವರ್ಷ ಬಾಳಬೇಕಾದ್ದು ಅವಳ ಕೈಯಲ್ಲಿ. ಆನ್‌ಸೈಟ್ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಲು ಉಳಿದ 3,000 ಸಾಕಾಗುತ್ತದೆಂದು ಅಂಗಡಿಯವರು ಹೇಳಿದರು. ನುಡಿ ಕೆಲಸಕ್ಕೆ ಹಳೆಯ ಡೆಸ್ಕ್‌ಟಾಪನ್ನೇ ಇಟ್ಟುಕೊಳ್ಳಬಹುದೇ? ಅದರಲ್ಲಿ ಇನ್ನೂ ಹಾರ್ಡ್ ಡಿಸ್ಕ್ ಇದೆ, ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ.

ಮಲ್ಲೇಶ್ವರ ಅಕ್ಷರವಿನ್ಯಾಸ

ಖಂಡಿತ ಇಟ್ಟುಕೊಳ್ಳಿ ಮೇಷ್ಟ್ರೇ. ಹಾರ್ಡ್ ಡಿಸ್ಕ್ ತೆಗೆದು 256 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿಸಿದರೆ ನುಡಿ, ವರ್ಡ್, ಮುದ್ರಣಕ್ಕೆ ಪಿಡಿಎಫ್ ತೆಗೆಯುವುದು ಎಲ್ಲವೂ ಸರಾಗವಾಗಿ ನಡೆಯುತ್ತವೆ.

ಯಲಹಂಕದ ತಂತ್ರಾಂಶಿ

ವಿಂಡೋಸ್ 10ಕ್ಕೆ ಭದ್ರತಾ ಅಪ್‌ಡೇಟ್‌ಗಳನ್ನು ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿಕೊಂಡವರಿಗೆ ಹಣ ಕೊಡದೆ ಸಿಗುತ್ತದೆ. ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಇದೆ. ಆ ದಿನಾಂಕದ ನಂತರ ಅದನ್ನು ಅಂತರ್ಜಾಲದಿಂದ ಬಿಡಿಸಿ ಬೆರಳಚ್ಚಿಗೆ ಮಾತ್ರ ಇಟ್ಟುಕೊಳ್ಳಿ, ಬ್ಯಾಂಕ್ ವ್ಯವಹಾರ ಅದರಲ್ಲಿ ಬೇಡ.

ದೀಪಾಂಜಲಿನಗರ ರಿಪೇರಿ

ಟಿ14 ಬಿಟ್ಟದ್ದಕ್ಕೆ ನನಗೆ ಬೇಸರವೇ, 34 ವ್ಯಾಟ್‌ಅವರ್ ಬ್ಯಾಟರಿ ಬದಲಾಯಿಸಿದರೂ ಇಪ್ಪತ್ತು ಸಾವಿರದಷ್ಟು ಉಳಿಯುತ್ತಿತ್ತು. ಇರಲಿ. ಹೊಸ ಲ್ಯಾಪ್‌ಟಾಪ್ ಕೈಗೆ ಬಂದಾಗ ಅಂಗಡಿಯಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ 16 ಜಿಬಿ ತೋರಿಸುತ್ತದೆಯೇ ನೋಡಿ. ಸ್ಲಾಟ್‌ನ ರ‍್ಯಾಮನ್ನು ಅಂಗಡಿಯವರೇ ಹಾಕಿದ್ದಾರೋ, ಕಂಪನಿಯಿಂದಲೇ ಹಾಗೆ ಬಂದಿದೆಯೋ ಎಂದು ಕೇಳಿ. ಅಂಗಡಿಯವರು ಹಾಕಿದ್ದರೆ ಅದಕ್ಕೆ ಬೇರೆ ಬಿಲ್, ಬೇರೆ ವಾರಂಟಿ ಬರೆಸಿಕೊಳ್ಳಬೇಕು.

ಬನಶಂಕರಿ ಲೆಕ್ಕಿಗ

ಬಿಲ್‌ನಲ್ಲಿ ಬರೆದ ಸೀರಿಯಲ್ ನಂಬರು, ಪೆಟ್ಟಿಗೆಯ ಮೇಲಿನದು, ಲ್ಯಾಪ್‌ಟಾಪ್ ತಳದಲ್ಲಿರುವುದು, ಮೂರೂ ಒಂದೇ ಇವೆಯೇ ಎಂದು ಹಣ ಕೊಡುವ ಮೊದಲೇ ನೋಡಿಕೊಳ್ಳಿ. ವಾರಂಟಿ ವಿಸ್ತರಣೆಯ ರಸೀದಿ ಕಂಪನಿಯ ಹೆಸರಿನಲ್ಲೇ ಇರಬೇಕು, ಅಂಗಡಿಯ ಹೆಸರಿನಲ್ಲಿ ಕೊಟ್ಟರೆ ಒಪ್ಪಬೇಡಿ.